ಕಡಲಿನ ಚರಾಚರ ಜೀವಿಗಳೂ ನಮ್ಮ ಕಾಯಕಧರ್ಮವೂ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯು ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವ ಊರು. ಈ ಸೀಮೆಯ ಬದುಕು ರಾಗಿ, ತೆಂಗು, ದನಕರುಗಳನ್ನು ನೆಚ್ಚಿದ ಬದುಕು. ಮುಗಿಲನ್ನು ನೋಡಿ ಬಿತ್ತುವ, ತುಂಬಿದ ಕೆರೆಯನ್ನು ನೋಡಿ ನೆಮ್ಮದಿಪಡುವ ಬದುಕು. ಇದೇ ತಾಲ್ಲೂಕಿನ ಯಡಿಯೂರಿನಲ್ಲಿ ಶ್ರೀ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯಿದೆ. ನಾಗಿನೀ ನದಿಯ ದಡದ ಕಗ್ಗೆರೆಯು ಆ ಮಹಾಯೋಗಿಯ ತಪೋಭೂಮಿಯೆಂದು ಸದ್ಭಕ್ತರೆಲ್ಲರೂ ಬಲ್ಲರು. ಸಮುದ್ರವಾದರೋ ಘಟ್ಟದ ಆಚೆಗಿದೆ. ಮೀನನ್ನು ಅಡುಗೆಮನೆಗೆ ತಾರದ ಕುಟುಂಬಗಳು ಓದುವ ಈ ಪತ್ರಿಕೆಯಲ್ಲಿ ಕಡಲ ಮೀನುಗಳ ವಿಚಾರವೇತಕ್ಕೆ ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಶರಣರು ದಯೆಯನ್ನು ಬೋಧಿಸಿದಾಗ ಅದಕ್ಕೆ ಮನೆಯ ಹೊಸ್ತಿಲನ್ನಾಗಲಿ ಊರಿನ ಗಡಿಯನ್ನಾಗಲಿ ಮೇರೆಯಾಗಿ ಹಾಕಲಿಲ್ಲ. ಹಾಗೆಯೇ ಅವರು ಕಾಯಕದಲ್ಲಿ ಮೇಲುಕೀಳುಗಳನ್ನು ಎಣಿಸಲಿಲ್ಲ. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನವರಿಗೂ ಗೌರವದ ಸ್ಥಾನವಿತ್ತು. ಆದುದರಿಂದ ನೀರನ್ನೇ ನಂಬಿ ಬದುಕುವ ಜೀವಿಗಳ ಮತ್ತು ಜನರ ಕಷ್ಟವನ್ನು ಅರಿಯುವುದು ನಮಗೆ ಹೊರಗಿನ ವಿಷಯವಾಗಲಾರದು. ಮೀನನ್ನು ತಿನ್ನುವವರಿಗೆ ಮಾತ್ರ ಮೀನಿನ ಚಿಂತೆ ಎನ್ನುವುದು ದಯೆಯ ಮಾತಲ್ಲ, ವ್ಯಾಪಾರದ ಮಾತು.

ಕಾಯುತ್ತಿರುವ ಕಡಲು

ಕಲ್ಲಿದ್ದಲು, ಪೆಟ್ರೋಲು, ಡೀಸೆಲುಗಳನ್ನು ಉರಿಸಿದಾಗ ಹೊರಡುವ ಇಂಗಾಲದ ಡೈಆಕ್ಸೈಡು ಭೂಮಿಗೆ ಕಂಬಳಿ ಹೊದಿಸಿದಂತೆ ವರ್ತಿಸುತ್ತದೆಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಹಾಗೆ ಸೆರೆಯಾದ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತಲೂ ಹೆಚ್ಚನ್ನು ಸಮುದ್ರಗಳೇ ನುಂಗಿಕೊಂಡಿವೆಯೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ನೆಲದ ಮೇಲಿರುವ ನಾವು ಅನುಭವಿಸುವ ಬೇಗೆ ಒಟ್ಟು ಶಾಖದ ಅಲ್ಪಭಾಗ ಮಾತ್ರ. ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಹೊರತಂದ ಸಮೀಕ್ಷೆಯಂತೆ, ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಉಷ್ಣತೆಯು 1951ರಿಂದ 2015ರವರೆಗಿನ ಅವಧಿಯಲ್ಲಿ ಸರಾಸರಿ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದೆ.

ಒಂದು ಡಿಗ್ರಿ ಎಂದರೆ ಅಲ್ಪವೆಂದು ತೋರಬಹುದು. ಮನುಷ್ಯನ ಮೈ ಹೊರಗಿನ ಬಿಸಿಲಿಗೆ ಬೆವರಿ ತನ್ನ ಶಾಖವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಬಹುತೇಕ ಮೀನುಗಳಿಗೆ ಆ ಶಕ್ತಿಯಿಲ್ಲ. ನೀರಿನ ಉಷ್ಣತೆ ಎಷ್ಟೋ ಅವುಗಳ ಮೈಯ ಉಷ್ಣತೆಯೂ ಅಷ್ಟೇ. ನೀರು ಕಾದಂತೆಲ್ಲ ಅವುಗಳ ದೇಹಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಆದರೆ ಕಾದ ನೀರಿನಲ್ಲಿ ಆಮ್ಲಜನಕ ನಿಲ್ಲುವುದು ಕಡಮೆ. ಒಲೆಯ ಮೇಲಿಟ್ಟ ನೀರು ಕುದಿಯುವುದಕ್ಕೆ ಬಹಳ ಮುಂಚೆಯೇ ಪಾತ್ರೆಯ ತಳದಿಂದ ಸಣ್ಣ ಸಣ್ಣ ಗುಳ್ಳೆಗಳು ಏಳುವುದನ್ನು ನಮ್ಮ ಗೃಹಿಣಿಯರು ನಿತ್ಯವೂ ನೋಡುತ್ತಾರೆ. ನೀರಿನಲ್ಲಿ ಕರಗಿದ್ದ ಗಾಳಿಯೇ ಹೀಗೆ ಹೊರಟುಹೋಗುವುದು. ಬೇಡಿಕೆ ಹೆಚ್ಚಿ ಪೂರೈಕೆ ಕುಗ್ಗಿದ ಈ ಸ್ಥಿತಿಯಲ್ಲಿ ಚಲಿಸಬಲ್ಲ ಜೀವಿ ಮಾಡುವುದು ಒಂದೇ ಕೆಲಸ: ತನಗೆ ಹಿತವಾದ ನೀರನ್ನು ಅರಸಿಕೊಂಡು ಹೋಗುವುದು. ಜಗತ್ತಿನ ಸಮುದ್ರಗಳ ಮೇಲ್ಪದರದಲ್ಲಿ ವಾಸಿಸುವ ಜೀವಿಗಳ ನೆಲೆಯು 1950ರ ದಶಕದಿಂದ ಈಚೆಗೆ ದಶಕಕ್ಕೆ ಸರಾಸರಿ 50 ಕಿಲೋಮೀಟರಿನಷ್ಟು ಧ್ರುವಗಳ ಕಡೆಗೆ ಸರಿದಿದೆಯೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯು 2019ರ ವರದಿಯಲ್ಲಿ ತಿಳಿಸಿತು.

ಬೂತಾಯಿ, ಬಂಗುಡೆಗಳ ವೃತ್ತಾಂತ

ನಮ್ಮ ನಾಡಿನ ಕರಾವಳಿಯಲ್ಲಿ ಇದಕ್ಕೆ ಪ್ರತ್ಯಕ್ಷ ನಿದರ್ಶನವಾಗಿರುವುದು ಒಂದು ಚಿಕ್ಕ ಮೀನು. ಮಂಗಳೂರು, ಉಡುಪಿಗಳ ಕಡೆ ಅದನ್ನು ಬೂತಾಯಿ ಎನ್ನುತ್ತಾರೆ. ಬೈಗೆ ಎಂಬ ಹೆಸರೂ ಉಂಟು. ಕಾರವಾರದ ಕಡೆ ತಾರ್ಲೆ ಎಂದೂ ಕೇರಳದಲ್ಲಿ ಮತ್ತಿ ಎಂದೂ ಕರೆಯುತ್ತಾರೆ. ಗೇಣುದ್ದವನ್ನೂ ಮೀರದ ಈ ಮೀನು ಲಕ್ಷಗಟ್ಟಲೆ ಗುಂಪಾಗಿ ಸಂಚರಿಸುತ್ತದೆ. ಇದರ ಬಾಳು ಮುಂಗಾರಿಗೆ ಕಟ್ಟಿಹಾಕಿದ ಬಾಳು. ನೈಋತ್ಯ ಮಾರುತವು ಬೀಸತೊಡಗಿದಾಗ ಮಲಬಾರಿನಿಂದ ಕರ್ನಾಟಕದವರೆಗಿನ ತೀರದಲ್ಲಿ ಆಳದ ತಣ್ಣೀರು ಮೇಲೇಳುತ್ತದೆ. ಹೊಲವನ್ನು ಉತ್ತಾಗ ಕೆಳಗಿನ ಸಾರ ಮೇಲೆ ಬರುವಂತೆ, ಈ ನೀರು ತಳದ ಪೋಷಕಾಂಶಗಳನ್ನು ಬೆಳಕಿಗೆ ತರುತ್ತದೆ. ಅದರಿಂದ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಅವೇ ಬೂತಾಯಿಯ ಆಹಾರ.

ಕೊಚ್ಚಿಯಲ್ಲಿ ಪ್ರಧಾನ ಕಚೇರಿಯನ್ನೂ ಮಂಗಳೂರಿನಲ್ಲಿ ಕೇಂದ್ರವನ್ನೂ ಹೊಂದಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು 1947ರಲ್ಲಿ ಸ್ಥಾಪಿತವಾದುದು. ದಶಕಗಳ ಕಾಲ ಬಂದರುಗಳಲ್ಲಿ ಇಳಿದ ಮೀನಿನ ಲೆಕ್ಕವನ್ನು ಇಟ್ಟ ಆ ಸಂಸ್ಥೆಯ ವಿಜ್ಞಾನಿಗಳು ಒಂದು ಮಹತ್ವದ ಸಂಗತಿಯನ್ನು ಗುರುತಿಸಿದರು. 1985ಕ್ಕೆ ಮುಂಚೆ ದೇಶದ ಬೂತಾಯಿಯಲ್ಲಿ ಹೆಚ್ಚುಕಡಮೆ ಎಲ್ಲವೂ ದೊರೆಯುತ್ತಿದ್ದುದು 8ರಿಂದ 14 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವಣ ಪಶ್ಚಿಮ ತೀರದಲ್ಲಿ. ಈ 14ನೆಯ ಡಿಗ್ರಿಯ ರೇಖೆ ನಮ್ಮ ಭಟ್ಕಳದ ಬಳಿಯೇ ಹಾದುಹೋಗುತ್ತದೆ. ಅದರ ಉತ್ತರಕ್ಕೆ ಈ ಮೀನು ಅಪರೂಪವಾಗಿತ್ತು. ಮುಂದಿನ ಎರಡು ದಶಕಗಳಲ್ಲಿ 27-28 ಡಿಗ್ರಿ ಉಷ್ಣತೆಯ ನೀರು ಉತ್ತರಕ್ಕೆ ಹರಡಿತು; ಬೂತಾಯಿಯೂ ಜೊತೆಯಲ್ಲಿಯೇ ಹಬ್ಬಿತು. 2006ರ ವೇಳೆಗೆ ದೇಶದ ಒಟ್ಟು ಬೂತಾಯಿಯಲ್ಲಿ ಸುಮಾರು ಶೇಕಡಾ 15ರಷ್ಟು ಆ ರೇಖೆಯ ಉತ್ತರದಲ್ಲಿ ದೊರೆಯಿತು. ಪೂರ್ವ ಕರಾವಳಿಯ ತಮಿಳುನಾಡು, ಆಂಧ್ರಗಳಲ್ಲಿಯೂ ಅದು ಬಲೆಗೆ ಬೀಳತೊಡಗಿತು.

ಬಂಗುಡೆಯ ಕಥೆಯೂ ಇದೇ ಬಗೆಯದು; ಆದರೆ ಅದರಲ್ಲಿ ಮತ್ತೊಂದು ತಿರುವಿದೆ. ಅದು ಉತ್ತರಕ್ಕೆ ಹರಡಿದ್ದಲ್ಲದೆ ಕೆಳಕ್ಕೂ ಇಳಿಯಿತು. ಮೇಲ್ಪದರದ ಮೀನೆಂದೇ ಹೆಸರಾದ ಬಂಗುಡೆಯು 1985-89ರ ಅವಧಿಯಲ್ಲಿ ಸಮುದ್ರದ ತಳ ಗೋರುವ ಟ್ರಾಲ್ ಬಲೆಗಳಿಗೆ ಬೀಳುತ್ತಿದ್ದುದು ತನ್ನ ಒಟ್ಟು ಪ್ರಮಾಣದ ಶೇಕಡಾ 2ರಷ್ಟು ಮಾತ್ರ. 2003-07ರ ವೇಳೆಗೆ ಅದು ಶೇಕಡಾ 15ರ ಸಮೀಪಕ್ಕೆ ಬಂದಿತು. ಮೇಲಿನ ನೀರು ಬಿಸಿಯಾದಾಗ ಮೀನು ತಂಪಾದ ಆಳವನ್ನು ಅರಸಿತೆಂಬುದೇ ವಿಜ್ಞಾನಿಗಳ ಅಭಿಪ್ರಾಯ.

ಇಷ್ಟನ್ನು ಕೇಳಿದವರು, ಹಾಗಾದರೆ ಚಿಂತೆಯೇನು, ಮೀನು ತನ್ನ ದಾರಿಯನ್ನು ತಾನೇ ಕಂಡುಕೊಂಡಿತಲ್ಲ ಎನ್ನಬಹುದು. ವಿಷಯದ ಮರ್ಮವಿರುವುದು ಇಲ್ಲಿಯೇ.

ಉತ್ತರಕ್ಕೆ ನೆಲದ ಗೋಡೆ, ಕೆಳಗೆ ಉಸಿರಿಲ್ಲದ ನೀರು

ಅಟ್ಲಾಂಟಿಕ್ ಸಾಗರದ ಮೀನಿಗೆ ಉತ್ತರಧ್ರುವದವರೆಗೂ ದಾರಿ ತೆರೆದಿದೆ. ಯೂರೋಪಿನ ಬಂಗುಡೆಯ ಜಾತಿಯ ಮೀನು 2006-07ರ ಹೊತ್ತಿಗೆ ಐಸ್‌ಲೆಂಡ್ ದ್ವೀಪದ ಸುತ್ತ ಹಿಂಡುಹಿಂಡಾಗಿ ಕಾಣಿಸಿಕೊಂಡಿತು. ಮೀನು ಯಾರ ಪಾಲಿಗೆ ಎಷ್ಟು ಎಂಬ ಬಗ್ಗೆ ಐಸ್‌ಲೆಂಡ್, ಫೆರೋ ದ್ವೀಪಗಳು ಒಂದು ಕಡೆ, ನಾರ್ವೆ ಮತ್ತು ಯೂರೋಪಿಯನ್ ಒಕ್ಕೂಟ ಇನ್ನೊಂದು ಕಡೆಯಾಗಿ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಮೀನಿಗೆ ದೇಶದ ಗಡಿ ತಿಳಿಯದು. ಗಡಿಯನ್ನು ಎಳೆದವರಿಗೆ ಮೀನಿನ ದಾರಿ ತಿಳಿಯದು. ಅದೇನೇ ಇದ್ದರೂ ಆ ಮೀನಿಗೆ ಹೋಗಲು ಜಾಗವಾದರೂ ಇತ್ತು.

ನಮ್ಮ ಅರಬ್ಬೀ ಸಮುದ್ರಕ್ಕೆ ಆ ಭಾಗ್ಯವಿಲ್ಲ. ಭೂಪಟವನ್ನು ತೆರೆದು ನೋಡಿದರೆ ಇದು ಮಕ್ಕಳಿಗೂ ಅರ್ಥವಾಗುತ್ತದೆ. ಗುಜರಾತ್, ಪಾಕಿಸ್ತಾನ, ಇರಾನ್‌ಗಳ ನೆಲವು ಉತ್ತರದಲ್ಲಿ ಕೋಟೆಯ ಗೋಡೆಯಂತೆ ಅಡ್ಡಲಾಗಿ ನಿಂತಿದೆ. ತಂಪನ್ನು ಅರಸಿ ಉತ್ತರಕ್ಕೆ ಹೊರಟ ಜೀವಿ ಅಲ್ಲಿಗೆ ನಿಲ್ಲಲೇಬೇಕು. ಆಳಕ್ಕೆ ಇಳಿಯೋಣವೆಂದರೆ ಅಲ್ಲಿ ಬೇರೆಯ ತೊಡಕು. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1000 ಮೀಟರಿನ ಆಳದವರೆಗೆ ಆಮ್ಲಜನಕ ಅತ್ಯಲ್ಪವಾಗಿರುವ ಬೃಹತ್ ಪದರವಿದೆ. ಜಗತ್ತಿನ ಅತಿ ದಟ್ಟವಾದ ಇಂತಹ ಪದರಗಳಲ್ಲಿ ಇದೊಂದು. ಮುಂಗಾರಿನ ಕೊನೆಯ ದಿನಗಳಲ್ಲಿ ಇಂತಹ ಉಸಿರುಗಟ್ಟಿದ ನೀರು ನಮ್ಮ ಕರಾವಳಿಯ ಸಮೀಪಕ್ಕೂ ಏರಿಬರುವುದುಂಟು. ಮೇಲೆ ಬೇಗೆ, ಕೆಳಗೆ ಉಸಿರಿಲ್ಲದ ನೀರು, ಮುಂದೆ ನೆಲ: ಇವುಗಳ ನಡುವೆ ಉಳಿದಿರುವ ಅವಕಾಶದಲ್ಲಿಯೇ ನಮ್ಮ ಕಡಲಿನ ಜೀವಿಗಳು ಬಾಳಬೇಕಾಗಿದೆ.

ಎಲ್ಲ ಏರುಪೇರನ್ನೂ ಬಿಸಿಲಿನ ತಲೆಗೇ ಕಟ್ಟುವುದು ನ್ಯಾಯವಲ್ಲ. ಬೂತಾಯಿಯ ಬೆಳೆ ಹಿಂದಿನಿಂದಲೂ ಏರಿಳಿತದ್ದು. 1940ರ ದಶಕದಲ್ಲಿಯೂ ಅದು ತೀರ ಕುಸಿದಿತ್ತು. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಸಮೀಪಕ್ಕೇರಿದ್ದ ಬೂತಾಯಿಯು 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು. 2022ರಲ್ಲಿ ಮತ್ತೆ ಒಂದು ಲಕ್ಷ ಟನ್ನಿಗೆ ಏರಿತು. ಎಲ್ ನಿನೋ ವರ್ಷಗಳ ಬೇಗೆ, ಮೇಲೇಳುವ ನೀರಿನ ಹೆಚ್ಚುಕಡಮೆ, ಮರಿಮೀನುಗಳನ್ನೂ ಬಿಡದೆ ಬಾಚುವ ಮನುಷ್ಯನ ದುರಾಸೆ, ಇವೆಲ್ಲವೂ ಸೇರಿ ಆಡಿದ ಆಟವಿದು. ಆದರೆ ಬಡಕಲಾದ ಎತ್ತಿನ ಮೇಲೆ ಹೆಚ್ಚಿನ ಹೊರೆ ಹೇರಿದರೆ ಏನಾಗುವುದೆಂದು ಒಕ್ಕಲಿನ ಮನೆಗಳಿಗೆ ಹೇಳಬೇಕಾಗಿಲ್ಲ. ದುರಾಸೆಯಿಂದ ಬಳಲಿದ ಮೀನಿನ ಸಂತತಿಯ ಮೇಲೆ ಬೇಗೆಯು ಹೇರುತ್ತಿರುವುದು ಅಂತಹ ಹೊರೆಯನ್ನೇ.

ಚಲಿಸಲಾರದವರ ಪಾಡು

ನಮ್ಮ ಹಿರಿಯರು ಸೃಷ್ಟಿಯನ್ನು ಚರಾಚರವೆಂದರು. ಚರವಾದ ಮೀನು ಹೋಗಬಲ್ಲುದು. ಅಚರವಾದ ಹವಳವು ಎಲ್ಲಿಗೆ ಹೋದೀತು? ಹವಳವೆಂದರೆ ಕಲ್ಲಲ್ಲ. ಸುಣ್ಣದ ಗೂಡನ್ನು ಕಟ್ಟಿಕೊಂಡು ಒಂದೆಡೆಯೇ ನೆಲೆನಿಂತಿರುವ ಸಣ್ಣ ಪ್ರಾಣಿಗಳ ಸಮೂಹ ಅದು. ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸವಾಗಿದ್ದು ಬಣ್ಣವನ್ನೂ ಅನ್ನವನ್ನೂ ಒದಗಿಸುತ್ತವೆ. ನೀರು ಮಿತಿಮೀರಿ ಕಾದಾಗ ಹವಳವು ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೇಗೆ ಬಹುಕಾಲ ನಿಂತರೆ ಹಸಿದು ಸಾಯುತ್ತದೆ. ಲಕ್ಷದ್ವೀಪದ ಹವಳದ ದಿಬ್ಬಗಳು 1998, 2010, 2016 ಮತ್ತು 2024ರಲ್ಲಿ ಹೀಗೆ ಬಿಳಿಚಿಕೊಂಡವು. ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವ ಮುಂಚೆಯೇ ಇನ್ನೊಂದು ಪೆಟ್ಟು ಬೀಳುತ್ತಿದೆ. ಮುರುಡೇಶ್ವರಕ್ಕೆ ಯಾತ್ರೆ ಹೋದ ನಮ್ಮ ಕುಟುಂಬಗಳು ಗೋಪುರದ ಮೇಲಿನಿಂದ ಕಡಲನ್ನು ಕಂಡಿರುತ್ತಾರೆ; ಅಲ್ಲಿಂದ ದೋಣಿಯಲ್ಲಿ ತಲುಪುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅವುಗಳನ್ನು ಆಶ್ರಯಿಸಿದ ಬಣ್ಣಬಣ್ಣದ ಮೀನುಗಳ ಮನೆಮಾರು ಅವೇ.

ಚಲಿಸಲಾರದವರ ಸಾಲಿನಲ್ಲಿ ಮನುಷ್ಯರೂ ಇದ್ದಾರೆ. ಸುಮಾರು 300 ಕಿಲೋಮೀಟರ್ ಉದ್ದದ ನಮ್ಮ ಕರಾವಳಿಯಲ್ಲಿ ಮೊಗವೀರ, ಖಾರ್ವಿ, ಹರಿಕಂತ್ರ ಮೊದಲಾದ ಸಮುದಾಯಗಳು ತಲೆಮಾರುಗಳಿಂದ ಕಡಲಿನ ಕಾಯಕವನ್ನು ಮಾಡಿಕೊಂಡು ಬಂದಿವೆ. ಹಿಂದೆ ರಂಪಣಿ ಎಂಬ ದೊಡ್ಡ ಬಲೆಯನ್ನು ದಡದಿಂದಲೇ ಬೀಸಿ ಹತ್ತಾರು ಮಂದಿ ಒಟ್ಟಾಗಿ ಎಳೆಯುತ್ತಿದ್ದರು. ಮೀನು ದಡಕ್ಕೆ ಬರುವವರೆಗೆ ಕಾಯುವುದು, ಬಂದುದನ್ನು ಹಂಚಿಕೊಳ್ಳುವುದು ಆ ಪದ್ಧತಿ. 1970ರ ದಶಕದ ಕೊನೆಯ ಭಾಗದಲ್ಲಿ ಪರ್ಸಿನ್ ಬಲೆಯ ಯಾಂತ್ರಿಕ ದೋಣಿಗಳು ಬಂದು ರಂಪಣಿಯನ್ನು ಹಿಂದಕ್ಕೆ ಸರಿಸಿದವು. ಈಗ ಮೀನು ಎಲ್ಲಿ ಹೋದರೂ ಅಲ್ಲಿಗೆ ಬೆನ್ನಟ್ಟಿ ಹೋಗುವ ಕಾಲ. ದೂರ ಹೋದಷ್ಟೂ ಡೀಸೆಲಿನ ಖರ್ಚು, ಐಸಿನ ಖರ್ಚು, ದಿನಗಳ ಖರ್ಚು. ದೊಡ್ಡ ದೋಣಿಯವನು ಹೇಗೋ ನಿಭಾಯಿಸಿಯಾನು. ನಾಡದೋಣಿಯ ಬಡವನು, ಬುಟ್ಟಿ ಹೊತ್ತು ಮೀನು ಮಾರುವ ತಾಯಂದಿರು ಮೀನಿನ ಹಿಂದೆ ಹೋಗಲಾರರು. ಅವರ ಮನೆ, ದೈವ, ಸಾಲ, ಮಕ್ಕಳ ಶಾಲೆ ಎಲ್ಲವೂ ದಡದಲ್ಲಿಯೇ ಉಂಟು. ಅದರ ಮೇಲೆ ಚಂಡಮಾರುತಗಳ ಕಾಟ. 2019ರ ಒಂದೇ ವರ್ಷದಲ್ಲಿ ಅರಬ್ಬೀ ಸಮುದ್ರದಲ್ಲಿ ಐದು ಚಂಡಮಾರುತಗಳು ಎದ್ದವು. 2021ರ ಮೇ ತಿಂಗಳಿನ ತೌಕ್ತೆಯು ನಮ್ಮ ಕರಾವಳಿಯ ಮನೆಗಳನ್ನೂ ದೋಣಿಗಳನ್ನೂ ಹಾಳುಗೆಡವಿತು.

ಮಲ್ಪೆಯ ಕಡೆ ಕಾರ್ಗಿಲ್ ಮೀನು ಎಂಬ ಒಂದು ಹೆಸರಿದೆ. ಹವಳದ ದಿಬ್ಬಗಳಲ್ಲಿ ಇರುವ, ಬಿರುಸಾದ ಚರ್ಮದ ಒಂದು ಮೀನು ಕಾರ್ಗಿಲ್ ಯುದ್ಧದ ಕಾಲದಲ್ಲಿ ಬಲೆಗಳಲ್ಲಿ ಹೇರಳವಾಗಿ ಕಾಣಿಸಿಕೊಂಡುದರಿಂದ ಬೆಸ್ತರು ಅದಕ್ಕೆ ಇಟ್ಟ ಹೆಸರದು. ಊಟಕ್ಕಿಂತ ಹೆಚ್ಚಾಗಿ ಮೀನುಹುಡಿಯ ಕಾರ್ಖಾನೆಗೆ ಹೋಗುವ ಈ ಮೀನು ಬಂದಾಗ ಬಲೆ ತುಂಬಿದರೂ ಜೇಬು ತುಂಬುವುದಿಲ್ಲ. ಪರಿಚಿತ ಮೀನು ಹೋಗಿ ಅಪರಿಚಿತ ಮೀನು ಬಂದಾಗ, ಅಜ್ಜನಿಂದ ಮೊಮ್ಮಗನಿಗೆ ಬಂದ ಕಡಲಿನ ಅರಿವು ಉಪಯೋಗಕ್ಕೆ ಬಾರದಾಗುತ್ತದೆ. ಕಾಯಕಜೀವಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಯಾವ ಮಳೆಗೆ ಯಾವ ಬಿತ್ತನೆ ಎಂಬ ಹಿರಿಯರ ಲೆಕ್ಕ ತಪ್ಪುತ್ತಿರುವುದನ್ನು ನೋಡುತ್ತಿರುವ ನಮ್ಮ ರೈತಕುಟುಂಬಗಳಿಗೆ ಈ ನೋವು ಬೇಗ ಅರ್ಥವಾದೀತು.

ಶಿಂಷೆಯ ಸೀಮೆಗೂ ಕಡಲಿಗೂ ಇರುವ ನಂಟು

ಕೊತ್ತಗೆರೆಗೂ ಕಡಲಿಗೂ ಇರುವ ಸಂಬಂಧ ಕೇವಲ ಅನುಕಂಪದ್ದಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷೆಯು ಈ ಜಿಲ್ಲೆಯ ನೆಲವನ್ನು ತಣಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿ, ಕಾವೇರಿಯನ್ನು ಕೂಡಿ ಬಂಗಾಳಕೊಲ್ಲಿಯ ಕಡೆಗೆ ಸಾಗುತ್ತದೆ. ನಾವು ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ಕೂ ಅದೇ ದಾರಿಯನ್ನು ಹಿಡಿಯುತ್ತದೆ. ಇನ್ನು ಮಳೆಯಾದರೋ ಕಡಲಿನಿಂದಲೇ ನಮ್ಮೂರಿಗೆ ಬರತಕ್ಕದ್ದು. ಬೂತಾಯಿಗೆ ಅನ್ನ ಕೊಡುವ ನೈಋತ್ಯ ಮಾರುತವೇ ನಮ್ಮ ರಾಗಿಗೂ ತೇವವನ್ನು ಹೊತ್ತು ತರುತ್ತದೆ. ಕಡಲಿನ ಶಾಖ ಬದಲಾದರೆ ಮಾರುತದ ನಡೆಯೂ ಬದಲಾಗುತ್ತದೆ. 2022ರಲ್ಲಿ ಅತಿವೃಷ್ಟಿಯಿಂದ ಜಿಲ್ಲೆಯ ಕೆರೆಗಳು ಕೋಡಿ ಹರಿದವು. ಮರುವರ್ಷವೇ, ಎಲ್ ನಿನೋ ತಲೆದೋರಿದ 2023ರಲ್ಲಿ, ರಾಜ್ಯ ಸರ್ಕಾರವು 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಕಡಲಿನ ಮೀನಿಗೆ ಬಂದ ಕಷ್ಟವೂ ನಮ್ಮ ಹೊಲಕ್ಕೆ ಬಂದ ಕಷ್ಟವೂ ಒಂದೇ ಬೇರಿನವು.

ಒಂದು ವ್ಯತ್ಯಾಸ ಮಾತ್ರ ಉಂಟು. ಮೀನು ಈ ಬೇಗೆಗೆ ಕಾರಣವಲ್ಲ. ನಾಡದೋಣಿಯ ಬೆಸ್ತನ ಪಾಲೂ ಅದರಲ್ಲಿ ಅತ್ಯಲ್ಪ. ದೀಪ, ಪಂಪು, ವಾಹನ, ಮದುವೆಯ ಆಡಂಬರ ಇವೆಲ್ಲವನ್ನೂ ಅನುಭವಿಸುತ್ತಿರುವ ನಮ್ಮಂತಹವರ ಪಾಲು ಅದಕ್ಕಿಂತ ಹೆಚ್ಚಿನದು; ಶ್ರೀಮಂತ ರಾಷ್ಟ್ರಗಳದು ಇನ್ನೂ ಬಹುಪಾಲು ಹೆಚ್ಚಿನದು. ಮಾಡಿದವರೊಬ್ಬರು, ಉಣ್ಣುವವರು ಇನ್ನೊಬ್ಬರು ಎಂಬ ಈ ಸ್ಥಿತಿಯನ್ನು ಶರಣಧರ್ಮವು ಒಪ್ಪಲಾರದು.

ಮನೆಯಿಂದಲೇ ಮೊದಲಾಗಲಿ

ಸರ್ಕಾರಗಳು ಮಾಡಬೇಕಾದ ಕೆಲಸಗಳು ಬೇರೆ ಇವೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆಯಿದೆ. ಮೀನಿಗೆ ಮರಿ ಮಾಡಲು ಕೊಟ್ಟ ಬಿಡುವು ಅದು. ಪ್ರಖರ ದೀಪಗಳನ್ನು ಬೆಳಗಿ ಮೀನನ್ನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರವು 2017ರಲ್ಲಿ ನಿಷೇಧಿಸಿತು. ಇಂತಹ ಕಟ್ಟಳೆಗಳು ಕಾಗದದಲ್ಲಿ ಉಳಿಯದೆ ನಡೆದರೆ, ಬೇಗೆಯನ್ನು ತಡೆದುಕೊಳ್ಳುವ ಶಕ್ತಿ ಮೀನಿನ ಸಂತತಿಗೆ ಉಳಿದೀತು.

ಕಡಲಿಲ್ಲದ ನಮ್ಮ ಜಿಲ್ಲೆಯೂ ಕಡಲಿಗೆ ಉಪಕಾರ ಮಾಡಬಲ್ಲುದೆಂಬುದಕ್ಕೆ ಸಾಕ್ಷಿ ನಮ್ಮಲ್ಲಿಯೇ ಇದೆ. ಬರಗಾಲಕ್ಕೆ ಹೆಸರಾದ ಪಾವಗಡ ತಾಲ್ಲೂಕಿನ ತಿರುಮಣಿಯ ಬಳಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವು 2019ರಲ್ಲಿ ಪೂರ್ಣಗೊಂಡಿತು. ಬೆಳೆಯನ್ನು ಸುಡುತ್ತಿದ್ದ ಬಿಸಿಲೇ ಅಲ್ಲಿ ದೀಪವಾಗಿದೆ. ಕಲ್ಲಿದ್ದಲಿನ ಬದಲು ಬಿಸಿಲಿನಿಂದ ಪಡೆದ ಪ್ರತಿ ಯೂನಿಟ್ಟೂ ಕಡಲಿಗೆ ಸೇರುವ ಬೇಗೆಯನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ. ನಮ್ಮ ಮನೆಗಳ ಮಾಳಿಗೆಯ ಮೇಲೂ ತೋಟದ ಪಂಪಿಗೂ ಇದೇ ಬಿಸಿಲನ್ನು ಬಳಸಿಕೊಳ್ಳಬಹುದು. ಕೆರೆಯ ಹೂಳೆತ್ತುವುದು, ಗುಂಡುತೋಪನ್ನು ಉಳಿಸುವುದು, ಜಾತ್ರೆ ಉತ್ಸವಗಳಲ್ಲಿ ಪ್ಲಾಸ್ಟಿಕ್ ತಟ್ಟೆಲೋಟಗಳನ್ನು ಬಿಟ್ಟು ಮುತ್ತುಗದೆಲೆ, ಬಾಳೆಯೆಲೆಗಳಲ್ಲಿ ದಾಸೋಹ ನಡೆಸುವುದು, ಪ್ರಸಾದವನ್ನು ಬೇಕಾದಷ್ಟೇ ನೀಡಿಸಿಕೊಂಡು ಚೆಲ್ಲದಿರುವುದು, ಇವು ನಮ್ಮ ಹಿರಿಯರ ಪದ್ಧತಿಗಳೇ. ಹೊಸದಾಗಿ ಕಲಿಯಬೇಕಾದುದು ಕಡಮೆ. ಮರೆತುದನ್ನು ನೆನೆಯಬೇಕಾದುದು ಹೆಚ್ಚು.

ಮಕ್ಕಳಿಗೆ ರಜೆ ಬಂದಾಗ ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಕರೆದೊಯ್ಯುವ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ದೇವರ ದರ್ಶನವಾದ ಮೇಲೆ ಕಡಲಿನ ದಡದಲ್ಲಿ ಸ್ವಲ್ಪ ಹೊತ್ತು ಕುಳಿತು, ಈ ನೀರಿನೊಳಗೆ ನೆಲೆಯನ್ನು ಅರಸಿ ಹೊರಟಿರುವ ಜೀವಿಗಳಿವೆ, ಹೋಗಲಾರದೆ ಉಳಿದಿರುವ ಜೀವಿಗಳೂ ಇವೆ, ದಡದಲ್ಲಿ ಅವನ್ನು ನಂಬಿದ ಕುಟುಂಬಗಳಿವೆ ಎಂದು ಮಕ್ಕಳಿಗೆ ತಿಳಿಸಿ ಹೇಳಿರಿ. ಹಿಂದಿರುಗಿದ ಮೇಲೆ ಮನೆಯಲ್ಲಿ ಬಳಸುವ ನೀರು, ದೀಪ, ಅನ್ನಗಳಲ್ಲಿ ಮಿತಿಯನ್ನು ಅವರ ಕೈಯಿಂದಲೇ ರೂಢಿಸಿರಿ. ಜಲಚರಗಳಿಗೂ ಅವುಗಳನ್ನು ನಂಬಿದ ಕಾಯಕಜೀವಿಗಳಿಗೂ ನೆಲೆ ತಪ್ಪದಿರಲೆಂದು ಯಡಿಯೂರಿನ ಗುರು ಸಿದ್ಧಲಿಂಗೇಶ್ವರರ ಸನ್ನಿಧಿಯಲ್ಲಿ ಪ್ರಾರ್ಥಿಸುತ್ತೇವೆ.